ಮಗ್ಗದ ಕುಣಿಯಿಂದ ಏಳದವನು

ತಂಗಿ ರೂತವ್ವ, ಅಂದು ನನ್ನ ಕಾಲು ಮಗ್ಗದ ಕುಣಿಯಲ್ಲಿ ಸಿಕ್ಕಿಕೊಂಡಿರಲಿಲ್ಲ. ನಿನಗೂ ಚರ್ಚಿನ ಸಭೆಗೂ ಹದಿನೆಂಟು ವರ್ಷ ನಾನು ಹೇಳಿಕೊಂಡು ಬಂದದ್ದು ಸುಳ್ಳು.

ಪ್ಲೇಗು ಇಳಕಲ್ಲು ಬಿಟ್ಟು ಹೋದ ಮರುವರ್ಷ ಅದು. ಗಂಡನ ಹೊಡೆತ ತಾಳದೆ ನೀನು ನನ್ನ ಮನೆ ಸೇರಿ ಎಂಟು ದಿನವಾಗಿತ್ತು. ನಾನು ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದೆ. ನೀನು ಬಾಗಿಲ ಬೆಳಕಿನಲ್ಲಿ ಮುಂದಿನ ಸೀರೆಗೆ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೂಡಿಸುತ್ತ ಕೂತಿದ್ದಿ. ನಿನ್ನ ಗಂಡ ಬಂದ — ಒಬ್ಬನೇ. ಮೂವರು ಬಂದಿದ್ದರು ಎಂದು ನಾನು ಸಭೆಗೆ ಹೇಳಿದೆ; ಗೊತ್ತಿದ್ದೂ ನೀನು ಬಾಯಿ ಬಿಡಲಿಲ್ಲ.

ನಿನ್ನ ಬಲಗೈ ತಿರುವಿ, ಹೊಡೆಯುತ್ತ ಹೊರಗೆಳೆಯತೊಡಗಿದ. ನೀನು ಚೀರಲಿಲ್ಲ.

"ಅಣ್ಣಾ, ಏಳೋ," ಅಂದಿ, ಅಷ್ಟೇ.

ನನ್ನ ಕೈಯಲ್ಲಿ ಲಾಳಿ ಇತ್ತು. ಸಿಟ್ಟು ಬಂದಿತ್ತು — ಬರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾದೀತು. ಆದರೆ ಅದಕ್ಕೂ ಮೊದಲು ಅಂಜಿಕೆ ಬಂದಿತ್ತು. ಆ ಅಂಜಿಕೆಗೆ ಗಡಿಬಿಡಿಯಲ್ಲಿ ಯೇಸುಸ್ವಾಮಿಯ ಹೆಸರಿಟ್ಟೆ. ಹೊಡೆದವನಿಗೆ ಇನ್ನೊಂದು ಕೆನ್ನೆ ಕೊಡಬೇಕಲ್ಲವೇ ಎಂದು ಗೊಣಗಿದೆ — ಹೊಡೆತ ತಿನ್ನುತ್ತಿದ್ದವಳು ನೀನು. ನಾನು ಒಡ್ಡಿದ್ದು ನಿನ್ನ ಕೆನ್ನೆಯನ್ನು. ಕೊನೆಗೆ ನಿನ್ನ ಕೈಮೂಳೆ ಮುರಿದ ಸದ್ದಿಗೆ ಅವನೇ ಹೆದರಿ ಓಡಿದ.

ಮುಂದಿನ ಭಾನುವಾರ ಪಾದ್ರಿಗಳು, ಸೇಡು ತೀರಿಸಲು ಹೋಗಲಿಲ್ಲವೆಂದು, ಎಲ್ಲರ ಮುಂದೆ ನನ್ನ ಸಹನೆಯನ್ನು ಕೊಂಡಾಡಿದರು. ನಾನು ತಲೆ ತಗ್ಗಿಸಿ ಕೂತೆ. ಅದನ್ನೂ ಜನ ವಿನಯ ಎಂದುಕೊಂಡರು. ನಿನ್ನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಆ ಬೆರಳುಗಳು ಮತ್ತೆ ಎಳೆ ಹಿಡಿಯಲಿಲ್ಲ.

ಆಮೇಲೆ ಬೈಬಲಿನಲ್ಲಿ ಎಷ್ಟು ಸಲ ಓದಿದೆ — ಯೇಸುಸ್ವಾಮಿ ದೇವಾಲಯದಿಂದ ವ್ಯಾಪಾರಿಗಳನ್ನು ಚಾವಟಿ ಹಿಡಿದು ಅಟ್ಟಿದ ಆ ಕಥೆಯನ್ನು. ಸ್ವಾಮಿಗೂ ಸಿಟ್ಟು ಬಂದಿತ್ತಲ್ಲ, ಹಾಗಾದರೆ ನಾನು ಹೊಡೆಯಬಹುದಿತ್ತೇ, ಹೊಡೆದಿದ್ದರೆ ಪಾಪವಾಗುತ್ತಿತ್ತೇ... ಮೊನ್ನೆ ನಿನ್ನೆದುರೂ ಅದನ್ನೇ ತೆಗೆದೆ. ಎಡಗೈಯೊಂದರಿಂದಲೇ ರೊಟ್ಟಿ ಬಡಿಯುತ್ತಿದ್ದ ನೀನು ತಿರುಗಿ ನೋಡಲಿಲ್ಲ.

"ಅವನ್ನ ಹೊಡಿ ಅಂತ ನಾ ಅಂದಿದ್ದಿಲ್ಲೋ ಅಣ್ಣಾ. ಏಳು ಅಂದಿದ್ದೆ."

ಎದ್ದು ಬಾಗಿಲಿಗೆ ಅಡ್ಡ ನಿಲ್ಲಬಹುದಿತ್ತು. ಏಟು ನನಗೆ ಬೀಳುತ್ತಿತ್ತು. ಇಷ್ಟು ಸಣ್ಣ ದಾರಿ ಅಂದು ನನಗೆ ಕಾಣಲಿಲ್ಲ ಎಂದಲ್ಲ — ಕಂಡಿತ್ತು.

ಬಂದವನು ಒಬ್ಬನೇ, ನನ್ನ ಕಾಲು ಸಿಕ್ಕಿರಲಿಲ್ಲ ಎಂದು ಈ ಭಾನುವಾರ ಅದೇ ಸಭೆಯ ಮುಂದೆ ಹೇಳುತ್ತೇನೆ. ನೀನೂ ಬಾ ಎಂದು ಕರೆಯುವ ಮುಖ ನನಗಿಲ್ಲ. ಆದರೆ ಈ ಸಲ ಏಳುತ್ತೇನೆ, ರೂತವ್ವ.