ಊದಕ್ಕ ತುಂಬಿದ ಮೂರು ಅಂಕಿ

ಬೆಳಗ್ಗಿನಿಂದ ಸಂಜೆಯವರೆಗೆ "ಊದಿ, ಊದಿ, ಇನ್ನೂ ಊದಿ, ನಿಲ್ಲಿಸ್ಬೇಡಿ" ಎಂದು ಕೂಗುವವಳಿಗೆ ಊದಕ್ಕ ಎಂದಲ್ಲದೆ ಇನ್ನೇನು ಹೆಸರು ಬೀಳುತ್ತದೆ? ಎದೆರೋಗದ ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಅವಳು ಉಸಿರು ಅಳೆಯುತ್ತಿದ್ದಳು, ನಾನು ಪಕ್ಕದಲ್ಲೇ ತೂಕ ನೋಡುತ್ತಿದ್ದೆ. ಕಲ್ಲಿನ ಧೂಳು ಕುಡಿದು ಎದೆ ಕೆಡಿಸಿಕೊಂಡ ಇನ್ನೂರು ಕೆಲಸಗಾರರು ಮೂರು ತಿಂಗಳಿಗೊಮ್ಮೆ ಬಂದು ಕೊಳವೆಯೊಳಗೆ ಊದಬೇಕು. ಎಷ್ಟು ಲೀಟರ್ ಗಾಳಿ ಬಂತೆಂದು ಅವಳು ಬರೆಯಬೇಕು. ಒಂದರ ಹಿಂದೊಂದು ಎರಡು ಸಲ ತಪ್ಪಿಸಿದರೆ ಹೆಸರು ಹೊಡೆದುಹಾಕುತ್ತಿದ್ದರು. ಪುಕ್ಕಟೆ ಮಾತ್ರೆಯೂ ಅಲ್ಲಿಗೆ ನಿಂತಿತು ಅಂತಲೇ.

ಆ ಇನ್ನೂರರಲ್ಲಿ ಅವಳ ತಮ್ಮನೂ ಒಬ್ಬ, ಕಲ್ಲು ಪಾಲಿಶ್ ಮಾಡುವವನು. ತಾಯಿ ತೀರಿಕೊಂಡ ಮೇಲೆ ಎತ್ತಿ ಆಡಿಸಿದವಳು ಇವಳೇ, ಅವನೆಂದರೆ ಪ್ರಾಣ. ಆ ಮಹಾರಾಯನಿಗೋ ಆಸ್ಪತ್ರೆ ಕಂಡರೆ ಆಗದು. "ನಾನೇನು ಬಲೂನ್ ಮಾರೋನಾ ಅಕ್ಕಾ, ಬಂದು ಊದ್ತಾ ಕೂರೋಕೆ?" ಎಂದು ಜಾರಿಕೊಳ್ಳುತ್ತಿದ್ದ.

ಮೊದಲ ನಾಲ್ಕು ಸಲ ಹೇಗೋ ಬಂದ. ಆಮೇಲೆ ಪತ್ತೆಯಿಲ್ಲ. ಹೆಸರು ಹೋದೀತೆಂದು ಊದಕ್ಕ ಹಿಂದಿನ ಸಲದ ಅಂಕಿಯನ್ನೇ ಬರೆದಳು: ಎರಡೂವರೆ ಲೀಟರ್. ಮುಂದಿನ ಸಲವೂ ಅದೇ, ಅದರ ಮುಂದಿನ ಸಲವೂ ಅದೇ. ಮಾತ್ರೆ ತಾನೇ ಒಯ್ದು ಕೊಡುತ್ತಿದ್ದಳು. ನಾನು ನೋಡಿದೆ, ಬಾಯಿ ಮುಚ್ಚಿಕೊಂಡೆ. ಒಂದು ಅಂಕಿಯಿಂದ ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡೆ, ಥೂ ನನ್ನ ಬುದ್ಧಿಗೆ.

ಎರಡನೇ ವರ್ಷದ ಕೊನೆಗೆ ಹೊಸ ಇಂಜೆಕ್ಷನ್ ಬಂತು, ಎಂಟೇ ಜನರಿಗೆ ಸಾಲುವಷ್ಟು. ಯಾರಿಗೆಂದು ಹೇಳಬೇಕಾದವರು ಲೆಕ್ಕದ ಮೇಷ್ಟ್ರು. ಒಬ್ಬೊಬ್ಬರ ಅಳತೆಗಳಿಗೂ ಕಂಪ್ಯೂಟರಿನಲ್ಲಿ ಚುಕ್ಕೆಯಿಟ್ಟು ಗೆರೆ ಎಳೆಯುವುದು ಅವರ ಕೆಲಸ. "ಇವತ್ತು ಉಸಿರು ಎಷ್ಟಿದೆ ಅನ್ನೋದಲ್ಲಮ್ಮ, ಎಷ್ಟು ಬೇಗ ಇಳೀತಿದೆ ಅನ್ನೋದು ಮುಖ್ಯ. ಯಾರ ಗೆರೆ ಜಾಸ್ತಿ ಇಳಿಜಾರೋ ಅವರಿಗೆ ಮೊದಲು," ಎಂದರು.

ಅದೇ ವಾರ ತಮ್ಮ ತಾನಾಗಿಯೇ ಬಂದ. ಮೆಟ್ಟಿಲು ಹತ್ತಿ ಬಂದವನಿಗೆ ಮಾತಾಡಲೂ ಉಸಿರಿಲ್ಲ. ಊದಿದ, ಒಂದು ಲೀಟರ್ ಚಿಲ್ಲರೆ. ಊದಕ್ಕ ಈ ಸಲ ಇದ್ದದ್ದನ್ನೇ ಬರೆದಳು. ನನ್ನ ಕಿವಿಯಲ್ಲಿ, "ಇನ್ನೇನು, ಇಂಜೆಕ್ಷನ್ ಇವನಿಗೇ" ಎಂದಳು.

ಪಟ್ಟಿ ಬಂತು. ಅವನ ಹೆಸರಿಲ್ಲ. ಕೇಳಿದ್ದಕ್ಕೆ ಮೇಷ್ಟ್ರು ಗೆರೆ ತೋರಿಸಿದರು: ಉದ್ದಕ್ಕೂ ಮಟ್ಟಸ, ಕೊನೆಗೆ ಒಂದೇ ಒಂದು ಚುಕ್ಕೆ ಪಾತಾಳದಲ್ಲಿ.

"ಇಷ್ಟು ದಿನ ಅಲ್ಲಾಡದೆ ಇದ್ದದ್ದು ಒಂದೇ ಸಲ ಹೀಗೆ ಬೀಳೋದು ಅಪರೂಪ. ಅವತ್ತು ಸರಿಯಾಗಿ ಊದಿಲ್ಲ ಅನ್ಸುತ್ತೆ. ಮುಂದಿನ ಸಲ ನೋಡೋಣ," ಎಂದರು.

ಊದಕ್ಕ ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ. ಮೂರು ದಿನ ಊಟ ಬಿಟ್ಟಳು, ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ನಾನೇ ರಟ್ಟೆ ಹಿಡಿದು ಮೇಷ್ಟ್ರ ಹತ್ತಿರ ಎಳೆದುಕೊಂಡು ಹೋಗಿ ಎಲ್ಲ ಹೇಳಿಸಿದೆ.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಖಾಲಿ ಬಿಡ್ಬೇಕಿತ್ತಮ್ಮ. ನಡುವೆ ಬರದೇ ಇದ್ದವರಿಗೂ ಗೆರೆ ಎಳೆಯೋ ದಾರಿ ನಮಗೆ ಗೊತ್ತು. ಸುಳ್ಳು ತುಂಬಿದ್ರೆ ನಾನೇನು ಮಾಡ್ಲಿ?"

"ಖಾಲಿ ಬಿಟ್ಟಿದ್ರೆ ಹೆಸರೇ ಹೊಡೀತಿದ್ರಲ್ಲ ಸಾರ್!"

"ಆ ನಿಯಮ ಆಫೀಸಿನವರದು. ನಂದಲ್ಲ."

ಅತ್ತ ದರಿ, ಇತ್ತ ಪುಲಿ. ಮೇಷ್ಟ್ರು ಆ ಮೂರೂ ಅಂಕಿ ಅಳಿಸಿ ಮತ್ತೆ ಲೆಕ್ಕ ಹಾಕಿದರು. ಇನ್ನೂರು ಜನರಲ್ಲಿ ಅಷ್ಟು ಕಡಿದಾದ ಗೆರೆ ಇನ್ನೊಂದಿರಲಿಲ್ಲ.

ಡಾಕ್ಟರ ಹತ್ತಿರ ಓಡಿದೆವು. ಎಂಟೂ ಜನರಿಗೆ ಹಿಂದಿನ ದಿನವೇ ಮೊದಲ ಇಂಜೆಕ್ಷನ್ ಆಗಿತ್ತು. ಉಳಿದ ಔಷಧಿ ಅವರ ಮುಂದಿನ ಸರದಿಗಳಿಗೇ ಬೇಕು. "ಯಾರ ಬಾಯಿಂದ ಕಿತ್ತು ಕೊಡ್ಲಿ, ನೀವೇ ಹೇಳಿ," ಎಂದರು.

ಸಂಜೆ ತಮ್ಮನ ಮನೆಗೆ ಹೋದೆವು. ದಿಂಬಿನ ಮೇಲೆ ದಿಂಬು ಹಾಕಿಕೊಂಡು ಒರಗಿದ್ದ. ಊದಕ್ಕ ನೆಲದ ಮೇಲೆ ಕೂತು, ಅವನ ಕಾಲು ಹಿಡಿದು ಎಲ್ಲ ಹೇಳಿದಳು.

"ಅಂದ್ರೆ ಅಕ್ಕಾ," ಎಂದ ಉಸಿರೆಳೆದುಕೊಳ್ಳುತ್ತ, "ಇನ್ನೂರು ಜನದಲ್ಲಿ... ನಾನೇ ಫಸ್ಟಾ?"

"ಹೂಂ ಕಣೋ."

"ಶಾಲೇಲಿ ಒಂದಿನಾನೂ ಬರ್ಲಿಲ್ಲ ನೋಡು," ಎಂದು ನಗಲು ಹೋದ. ನಗುವಷ್ಟು ಗಾಳಿಯೂ ಅವನಲ್ಲಿರಲಿಲ್ಲ. ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಬೆನ್ನು ನೀವುತ್ತ ಅವಳು ಗೋಳೋ ಎಂದು ಅತ್ತಳು.

ಅದಾಗಿ ನಲವತ್ತು ದಿನ ಇದ್ದ. ಊದಕ್ಕ ಮತ್ತೆ ಕೆಲಸಕ್ಕೆ ಬರಲಿಲ್ಲ.