ಆಯಿಯ ಕಣ್ಣು, ನಡುಗುವ ಕಾರು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಹಳೆಯ ಕಾರು ಇತ್ತು. ಅಥಣಿಯಲ್ಲಿ ನಮ್ಮದು ಚಪ್ಪಲಿ ವ್ಯಾಪಾರ. ಹೊಲಿದು ಮುಗಿದ ಚಪ್ಪಲಿಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಚಿಕ್ಕೋಡಿ, ನಿಪ್ಪಾಣಿಯ ಅಂಗಡಿಗಳಿಗೆ ಅಪ್ಪ ಅದೇ ಕಾರಿನಲ್ಲಿ ಒಯ್ಯುತ್ತಿದ್ದ. ಬಾಗಿಲು ತೆರೆದರೆ ಸಾಕು, ಹದ ಮಾಡಿದ ತೊಗಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬಿಸಿಲಿಗೆ ಕಾದ ಸೀಟು ತೊಡೆಗೆ ಚುರ್ ಎನ್ನುತ್ತಿತ್ತು.

ಆ ಕಾರಿಗೆ ಒಂದು ರೋಗ ಹತ್ತಿತ್ತು. ಮೆಲ್ಲಗೆ ಹೋದರೆ ಏನೂ ಇಲ್ಲ. ಸ್ವಲ್ಪ ಜೋರು ಓಡಿಸಿದರೆ ಅಡಿಯಿಂದ ಗುರ್ರೆಂದು ನಡುಕ ಏಳುತ್ತಿತ್ತು. ಕುಳಿತವರ ಗಲ್ಲ, ಭುಜ ಎಲ್ಲ ಅದರುತ್ತಿದ್ದವು. ನಾನು ಬೇಕೆಂದೇ "ಆ" ಎಂದು ರಾಗ ಎಳೆದು, ನನ್ನ ದನಿ ನಡುಗುವುದನ್ನು ಕೇಳಿ ನಗುತ್ತಿದ್ದೆ. ಸಾಗಿಸುವುದು ಚಪ್ಪಲಿ ತಾನೆ ಎಂದು ಅಪ್ಪನೂ ಅದನ್ನು ಹಾಗೆಯೇ ಬಿಟ್ಟಿದ್ದ.

ಆ ಚಳಿಗಾಲದಲ್ಲಿ ಅಪ್ಪನ ತಾಯಿಯ ಕಣ್ಣಿನ ಪೊರೆ ತೆಗೆಸಬೇಕಾಯಿತು. ಅವಳನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಆಪರೇಷನ್ ಮಿರಜದ ಆಸ್ಪತ್ರೆಯಲ್ಲಿ ನಡೆಯಿತು. ಅವ್ವ ಅವಳ ಜೊತೆಗೇ ಉಳಿದಿದ್ದಳು. ಆಗೆಲ್ಲ ಕಣ್ಣಿಗೆ ಹೊಲಿಗೆ ಹಾಕುತ್ತಿದ್ದರು. ನಾಳೆ ಮನೆಗೆ ಕರೆದೊಯ್ಯಬಹುದು, ಆದರೆ ದಾರಿಯಲ್ಲಿ ತಲೆ ಕುಲುಕಬಾರದು, ಕುಲುಕಿದರೆ ಕಣ್ಣಿಗೆ ಅಪಾಯ ಎಂದು ಡಾಕ್ಟರು ಹೇಳಿ ಕಳುಹಿಸಿದ್ದರು. ಬಸ್ಸಿನ ಮಾತೇ ಇರಲಿಲ್ಲ. ಊರಿನ ಬಾಡಿಗೆ ಕಾರುಗಳು ಮದುವೆಗೆ ಹೋಗಿಬಿಟ್ಟಿದ್ದವು. ಉಳಿದದ್ದು ನಮ್ಮ ನಡುಗುವ ಕಾರು ಒಂದೇ.

"ಎತ್ತಿನ ಗಾಡಿ ಹಂಗ ಸಾವಕಾಶ ಹೊಡಕೊಂಡ ಬಂದ್ರಾತು" ಎಂದ ಅಪ್ಪ.

ಅಕ್ಕ ಒಪ್ಪಲಿಲ್ಲ. "ಹಂಗಂದ್ರ ಅರ್ಧಾ ದಿನಾ ಆಕೈತಿ ಅಪ್ಪಾ. ಅಷ್ಟೊತ್ತು ಆಯಿ ಮಿಸುಕದಂಗ ಹೆಂಗ ಕುಂಡ್ರತಾಳ? ಇವತ್ತು ರಿಪೇರಿ ಮಾಡ್ಸೂದ ಬರೋಬ್ಬರಿ."

ಅಕ್ಕ ಆಗ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಕತ್ತಲಾದ ಮೇಲೆ ಆಯಿಯ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ಯುತ್ತಿದ್ದವಳು ಅವಳೇ. ಆಯಿಗೆ ಮತ್ತೆ ಕಣ್ಣು ಬರುವುದನ್ನು ಅವಳಷ್ಟು ಕಾದವರು ಬೇರೆ ಯಾರೂ ಇರಲಿಲ್ಲ. ಅಂದು ಅವಳು ಶಾಲೆಗೆ ಹೋಗಲಿಲ್ಲ. ಹಿತ್ತಾಳೆಯ ತಂಬಿಗೆಯೊಂದನ್ನು ಎತ್ತಿಕೊಂಡು ನನ್ನನ್ನೂ ಕಾರು ಹತ್ತಿಸಿದಳು.

ಕಾಗವಾಡದ ರಸ್ತೆಯಲ್ಲಿ, ಬೇವಿನ ಮರದ ಕೆಳಗೆ ಮೇಸ್ತ್ರಿ ಚಾಚಾನ ಗ್ಯಾರೇಜಿತ್ತು. ಅಲ್ಲಿ ಅಕ್ಕ ತಂಬಿಗೆಗೆ ಅಂಚಿನವರೆಗೆ ನೀರು ತುಂಬಿ, ಹಿಂದಿನ ಸೀಟಿನ ನಡುವೆ ಕುಳಿತ ನನ್ನ ತೊಡೆಯ ಮೇಲಿಟ್ಟಳು.

"ಇದು ಆಯಿ ತಲಿ ಅಂತ ತಿಳ್ಕೊ. ನೀರು ಯಾವಾಗ ಅಳ್ಳಾಡತೈತಿ, ಆವಾಗ ಕೂಗ."

ಚಾಚಾ ಓಡಿಸಿದ. ಎರಡೂ ಬದಿಯಲ್ಲಿ ಕಬ್ಬು ಆಳೆತ್ತರ ನಿಂತಿತ್ತು. ಗಾಣದ ಕಡೆಯಿಂದ ಕುದಿಯುವ ಬೆಲ್ಲದ ವಾಸನೆ ಬರುತ್ತಿತ್ತು. ವೇಗ ಏರಿದಂತೆ ತಂಬಿಗೆಯ ನೀರಿನಲ್ಲಿ ಸಣ್ಣ ಸಣ್ಣ ಅಲೆಯ ಬಳೆಗಳು ಎದ್ದವು. ನೋಡುತ್ತಿದ್ದಂತೆ ನೀರು ತುಳುಕಿ ನನ್ನ ಲಂಗ ಒದ್ದೆಯಾಯಿತು. ನಾನು ಕೂಗಿದೆ. ಚಾಚಾ ಗೇರು ತಪ್ಪಿಸಿ ಕಾರನ್ನು ಸುಮ್ಮನೆ ಉರುಳಲು ಬಿಟ್ಟ. ಇಂಜಿನ್ನಿನ ಸದ್ದು ಇಳಿದರೂ ನಡುಕ ನಿಲ್ಲಲಿಲ್ಲ.

"ಹಂಗಾದ್ರ ಇಂಜಿನ್ ತಪ್ಪಲ್ಲ. ಸ್ಟೇರಿಂಗ್ ಸುಮ್ನ ಐತಿ, ಅಂದ್ರ ಮುಂದಿನ ಗಾಲಿನೂ ಅಲ್ಲ" ಎಂದ ಚಾಚಾ.

ಹಿಂದಿನ ಗಾಲಿಗಳನ್ನು ಬದಲಿಸಿ ನೋಡಿದ. ಮತ್ತೆ ನೀರು ತುಳುಕಿತು. ಆಗ ಅವನು ಕಾರಿನ ಕೆಳಗೆ ತೂರಿದ. ಮಕ್ಕಳೇ, ಆ ಕಾಲದ ಕಾರುಗಳ ಹೊಟ್ಟೆಯಡಿ ಒಂದು ಉದ್ದನೆಯ ಕಬ್ಬಿಣದ ಕೊಳವೆ ಇರುತ್ತಿತ್ತು. ಇಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಮುಟ್ಟಿಸುವುದು ಅದೇ. ಅದಕ್ಕೆ ಶಾಫ್ಟು ಎನ್ನುತ್ತಾರೆ. ಅದರ ಎರಡೂ ತುದಿಯ ಕೀಲುಗಳನ್ನು ಚಾಚಾ ಹಿಡಿದು ಅಲುಗಿಸಿದ. ಅವು ಗಟ್ಟಿಯಾಗಿದ್ದವು. ತೂಕದಲ್ಲೇ ಏನೋ ಏರುಪೇರಾಗಿದೆ ಎಂದ.

ಕಾರಿನ ಹಿಂಭಾಗವನ್ನು ಎತ್ತಿ ದಪ್ಪ ಮರದ ದಿಮ್ಮಿಗಳ ಮೇಲೆ ಭದ್ರವಾಗಿ ನಿಲ್ಲಿಸಿದರು. ಅಪ್ಪ ಒಳಗೆ ಕುಳಿತು ಗೇರು ಹಾಕಿದ. ಗಾಲಿಗಳು ಗಾಳಿಯಲ್ಲಿ ಗಿರಗಿರ ತಿರುಗಿದವು. ನಮ್ಮಿಬ್ಬರನ್ನೂ ಮರದಾಚೆಗೆ ಅಟ್ಟಿ, ಚಾಚಾ ಒಬ್ಬನೇ ಮಲಗಿ, ತಿರುಗುವ ಶಾಫ್ಟಿಗೆ ಸೀಮೆಸುಣ್ಣದ ತುದಿಯನ್ನು ಅತಿ ಹಗುರವಾಗಿ ತಾಗಿಸಿದ. ಎಲ್ಲ ನಿಲ್ಲಿಸಿ ನೋಡಿದರೆ ಬಿಳಿ ಗೆರೆ ಸುತ್ತಲೂ ಬಿದ್ದಿರಲಿಲ್ಲ, ಒಂದೇ ಮಗ್ಗುಲಿಗೆ ಬಿದ್ದಿತ್ತು. ಆ ಮಗ್ಗುಲಿಗೆ ಭಾರ ಹೆಚ್ಚಾಗಿ, ತಿರುಗುವಾಗ ಅದು ಹೊರಗೆ ಎಳೆದು ಸುಣ್ಣಕ್ಕೆ ತಾಗುತ್ತಿತ್ತು. ಚಾಚಾ ಎದುರು ಮಗ್ಗುಲಿನ ಎಣ್ಣೆಗಸಿಯನ್ನು ಚಿಂದಿಯಿಂದ ಒರೆಸಿದ. ಅಲ್ಲಿ ಬೆರಳಗಲದ ಒಂದು ಗಾಯದ ಗುರುತು. ತೂಕ ಸರಿದೂಗಲೆಂದು ಬೆಸೆದಿದ್ದ ಸಣ್ಣ ತಗಡಿನ ತುಂಡು ಯಾವತ್ತೋ ಕಳಚಿ ಬಿದ್ದುಹೋಗಿತ್ತು.

"ಸಿಕ್ಕಿತು ನೋಡ ಬೇಟಿ!" ಎಂದು ಚಾಚಾ ಕೆಳಗಿನಿಂದಲೇ ಕೂಗಿದ.

ಶಾಫ್ಟನ್ನು ಬಿಚ್ಚಿ ದೊಡ್ಡ ಊರಿಗೆ ಕಳಿಸಿ ತೂಕ ಮಾಡಿಸಲು ಸಮಯವಿರಲಿಲ್ಲ. ನೀರಿನ ರಬ್ಬರ್ ಪೈಪಿಗೆ ಬಿಗಿಯುವ ಉಕ್ಕಿನ ಪಟ್ಟಿಯನ್ನು ಚಾಚಾ ಶಾಫ್ಟಿಗೆ ಸುತ್ತಿ, ಅದರ ತಿರುಪು ಸರಿಯಾಗಿ ಆ ಗಾಯದ ಮೇಲೆ ಬರುವಂತೆ ಬಿಗಿದ. ಮತ್ತೆ ರಸ್ತೆಗಿಳಿದೆವು. ಈ ಸಲ ನೀರು ತುಳುಕಲಿಲ್ಲ. ಆದರೆ ಬಳೆಗಳು ಇನ್ನೂ ಏಳುತ್ತಿದ್ದವು.

"ಇಷ್ಟಾದ್ರ ಚಲೋ ಆತು. ಸಾಕು" ಎಂದ ಅಪ್ಪ. ಚಾಚಾನೂ ಕೈ ಒರೆಸಿಕೊಳ್ಳುತ್ತಿದ್ದ.

ಅಕ್ಕ ಕಾರಿನಿಂದ ಇಳಿಯಲೇ ಇಲ್ಲ. "ನಾಳೆ ಇದರಾಗ ಕೂಡಾಕಿ ಆಯಿ ಅಪ್ಪಾ, ಚಪ್ಪಲಿ ಚೀಲಾ ಅಲ್ಲ. ಚಾಚಾ, ಇನ್ನೊಮ್ಮಿ ನೋಡೂಣ್ರಿ."

ಚಾಚಾ ಅವಳ ಮುಖ ನೋಡಿದ. ಮತ್ತೆ ಕೆಳಗೆ ತೂರಿದ. ಪಟ್ಟಿಯನ್ನು ಬೆರಳಗಲ ಎಡಕ್ಕೆ ತಿರುಗಿಸಿದ. ನಡುಕ ಹೆಚ್ಚಾಯಿತು. ಬಲಕ್ಕೆ ತಿರುಗಿಸಿದ. ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಇನ್ನೊಂದು ಪಟ್ಟಿ ಸೇರಿಸಿದ. ಭಾರ ಅತಿಯಾಗಿ ನನ್ನ ಲಂಗ ಮತ್ತೆ ತೊಯ್ದಿತು. ಎರಡೂ ಪಟ್ಟಿಗಳ ತಿರುಪುಗಳನ್ನು ಒಂದರಿಂದೊಂದು ತುಸು ದೂರ ಸರಿಸಿದ. ಪ್ರತಿ ಸಲವೂ ಅದೇ ರಸ್ತೆ, ಅದೇ ಕಬ್ಬು, ಅದೇ ತಂಬಿಗೆ. ಕಬ್ಬಿನ ಗಾಡಿ ಹೊಡೆಯುವವರು ನಮ್ಮನ್ನು ನೋಡಿ ನೋಡಿ ನಗತೊಡಗಿದರು. ನನಗೆ ಹಸಿವಾಗಿತ್ತು, ಕಾಲು ಜೋಮು ಹಿಡಿದಿತ್ತು. ಆದರೂ ತಂಬಿಗೆಯನ್ನು ಬಿಡಲಿಲ್ಲ. ಆಯಿಯ ತಲೆಯೇ ನನ್ನ ಕೈಯಲ್ಲಿದೆ ಎಂದು ಅಷ್ಟರಲ್ಲಿ ನನಗೂ ಅನಿಸಿಬಿಟ್ಟಿತ್ತು.

ಹೊತ್ತು ಇಳಿಯತೊಡಗಿದಾಗ ಇನ್ನೊಮ್ಮೆ ಹೊರಟೆವು. ವೇಗ ಏರಿತು. ನಾನು ನೀರನ್ನೇ ನೋಡುತ್ತಿದ್ದೆ. ಅದರಲ್ಲಿ ಕಾರಿನ ಕಿಟಕಿ ಕಾಣಿಸಿತು, ಕಿಟಕಿಯಲ್ಲಿ ಕೆಂಪು ಆಕಾಶ ಕಾಣಿಸಿತು. ಅದು ಹಾಗೇ ನಿಂತಿತ್ತು.

"ಯಾಕ ಬೇ, ಕೂಗವಲ್ಲಿ?" ಎಂದಳು ಅಕ್ಕ.

"ಏನೂ ಅಳ್ಳಾಡವಲ್ದು" ಎಂದೆ.

ಅಪ್ಪ ಹಿಂತಿರುಗಿ ತಂಬಿಗೆಯನ್ನು ನೋಡಿದ. ಆಮೇಲೆ ಅಕ್ಕನ ತಲೆಯ ಮೇಲೆ ಕೈಯಿಟ್ಟ.

ಮರುದಿನ ನಾವೆಲ್ಲ ಮಿರಜಕ್ಕೆ ಹೋದೆವು. ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡ ಆಯಿ ಅವ್ವನ ಭುಜಕ್ಕೆ ಒರಗಿ ಕುಳಿತಳು. ತಗ್ಗು ದಿಣ್ಣೆ ಬಂದಲ್ಲಿ ಅಪ್ಪ ನಿಧಾನ ಮಾಡುತ್ತಿದ್ದ, ನೆಟ್ಟಗಿನ ರಸ್ತೆಯಲ್ಲಿ ಬಿಡುತ್ತಿದ್ದ. ಆಯಿ ನಿದ್ದೆ ಹೋದಳು. ಮನೆಯ ಮುಂದೆ ಕಾರು ನಿಂತಾಗ ಅವಳಿಗೆ ಎಚ್ಚರವಾಯಿತು.

"ಕಾಗವಾಡ ಬಂತೇನ?" ಎಂದು, ಇನ್ನೂ ನಡುದಾರಿಯಲ್ಲೇ ಇದ್ದೇವೆಂದುಕೊಂಡು ಕೇಳಿದಳು.

"ಮನಿನ ಬಂತ ಆಯಿ" ಎಂದಳು ಅಕ್ಕ. ಕೆಲವು ದಿನಗಳ ಮೇಲೆ ಪಟ್ಟಿ ಬಿಚ್ಚಿದಾಗ ಆಯಿ ಎಲ್ಲರಿಗಿಂತ ಮೊದಲು ನೋಡಿದ್ದು ಅಕ್ಕನ ಮುಖವನ್ನೇ. "ಎಷ್ಟ ಎತ್ತರ ಆಗೀಯಲ್ಲ" ಎಂದಳು.

ಈಗ ನಿಮ್ಮ ಕಾಲ ಬೇರೆ, ಮಕ್ಕಳೇ. ಕಣ್ಣಿನ ಪೊರೆ ತೆಗೆಸಿಕೊಂಡವರು ಅವತ್ತೇ ಮನೆಗೆ ನಡೆದು ಬರುತ್ತಾರೆ. ನಿಮ್ಮ ಕಾರಿನಲ್ಲಿ ಏನಾದರೂ ಕೆಟ್ಟರೆ ಮುಂದೆ ಕೆಂಪು ದೀಪ ಹತ್ತುತ್ತದೆ. ಗ್ಯಾರೇಜಿನವರು ಒಂದು ವೈರು ಸಿಕ್ಕಿಸಿ ಇಂಥದ್ದೇ ರೋಗವೆಂದು ಹೇಳಿಬಿಡುತ್ತಾರೆ. ಅದು ಒಳ್ಳೆಯದೇ. ಆದರೆ ಕಳೆದ ವಾರ ನಿಪ್ಪಾಣಿಗೆ ಹೋಗುವಾಗ ನೀವೆಲ್ಲ ಹಾಡಿನ ಸದ್ದು ಜೋರು ಮಾಡಿದ್ದಿರಿ. ನಿಮ್ಮಲ್ಲಿ ಚಿಕ್ಕವಳು ಮಾತ್ರ ಬಗ್ಗಿ ಕಾರಿನ ನೆಲಕ್ಕೆ ಅಂಗೈ ಒತ್ತಿ, "ಅಜ್ಜಿ, ಇಲ್ಲಿ ಏನೋ ಗುರ್ ಅನ್ನಾಕತ್ತೈತಿ" ಎಂದಳು. ದೀಪವೇನೂ ಹತ್ತಿರಲಿಲ್ಲ. ಆದರೂ ನಾನು ಹಾಡು ನಿಲ್ಲಿಸಲು ಹೇಳಿ, ಅವಳ ಕೈಯ ಪಕ್ಕದಲ್ಲೇ ನನ್ನ ಕೈಯನ್ನೂ ಇಟ್ಟೆ.