ಟ್ರಯಲ್ ಅಕ್ಕನ ಅಳಿಸಿಹೋದ ಅಂಕಿಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮನೋವಿಜ್ಞಾನ ವಿಭಾಗದ ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಪೊರಕೆಯನ್ನು ಮೂಲೆಗೊರಗಿಸಿ, ಒದ್ದೆ ಕೈ ಒರೆಸಿಕೊಂಡು ಅವರು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಮೂಡಿ ಮಾಯವಾಗುತ್ತವೆ. ಆಮೇಲೆ ಅದೇ ಕ್ರಮದಲ್ಲಿ ಅವನ್ನು ಒತ್ತಬೇಕು. ನೆನಪಿನ ಪರೀಕ್ಷೆಗೆ ಜನ ಬರುವ ಮೊದಲು ಯಂತ್ರ ನೆಟ್ಟಗಿದೆಯೇ ಎಂದು ನೋಡಲು ಯಾರಾದರೂ ಕೂರಲೇಬೇಕಲ್ಲ! ದಿನಾ ಕೂರುವವರು ಇವರೇ. ವಿದ್ಯಾರ್ಥಿಗಳ ಬಾಯಲ್ಲಿ 'ಟ್ರಯಲ್ ಅಕ್ಕ'.

"ನಂದು ಆಟಕ್ಕುಂಟು, ಲೆಕ್ಕಕ್ಕಿಲ್ಲ," ಎಂದು ನಗುತ್ತಾರೆ. "ಮುಗೀತಿದ್ದ ಹಾಗೇ ಅಳಿಸಿಬಿಡ್ತಾರೆ. ನಿಜವಾಗಿ ಪರೀಕ್ಷೆಗೆ ಬಂದವರದ್ದರ ಜೊತೆ ಬೆರೀಬಾರದಂತೆ."

ಗಂಡ ತೀರಿಕೊಂಡ ವರ್ಷ ಇಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದವರು. ಹದಿನಾರು ವರ್ಷವಾಯಿತು. ಎಂಟು ಕೋಣೆ, ಎರಡು ಮಹಡಿಯ ಮೆಟ್ಟಿಲು, ನಡುವೆ ಈ ಕುರ್ಚಿ. ಕುರ್ಚಿಗೆ ಬೇರೆ ಸಂಬಳವೇನಿಲ್ಲ. "ಮೊದಮೊದ್ಲು ಎಂಟು ಅಂಕಿ ನೀರು ಕುಡಿದಷ್ಟು ಸಲೀಸಾಗಿ ಒತ್ತಿಬಿಡ್ತಿದ್ದೆ. ಮನೇಲಿ ಮಗಳ ಹತ್ರ ಜಂಬ ಕೊಚ್ಚಿದ್ದೇ ಕೊಚ್ಚಿದ್ದು!"

ಈಗ ಐದಕ್ಕೇ ತಡವರಿಸುತ್ತಾರೆ. ಯಂತ್ರ ಸರಿಯಿದ್ದರೆ ಸಾಕೆನ್ನುವ ವಿದ್ಯಾರ್ಥಿಗಳಿಗೆ ಅದು ಕಾಣುವುದಿಲ್ಲ. ಅಕ್ಕ ಮಾತ್ರ ಪ್ರತಿ ತಪ್ಪನ್ನೂ ಎಣಿಸಿಕೊಳ್ಳುತ್ತಾರೆ. ಅವರ ತಾಯಿ ಕೊನೆಗಾಲದಲ್ಲಿ ಹೆತ್ತ ಮಗಳನ್ನೇ "ನೀನ್ಯಾರಮ್ಮ?" ಎಂದು ಕೇಳಿದವರು.

ಕಳೆದ ತಿಂಗಳು ಮಗಳು ಹಟ ಹಿಡಿದು ಡಾಕ್ಟರ ಬಳಿ ಕರೆದೊಯ್ದಳು. "ಈ ವಯಸ್ಸಿಗೆ ಐದು ತೀರಾ ಕಡಿಮೆ ಏನಲ್ಲ. ಮುಂಚೆ ಎಷ್ಟಿತ್ತು, ಯಾವಾಗಿಂದ ಇಳೀತು ಅಂತ ಗೊತ್ತಾದ್ರೆ ಏನಾದ್ರೂ ಹೇಳ್ಬಹುದು. ಹಳೇ ಪರೀಕ್ಷೆ ಯಾವ್ದಾದ್ರೂ ಇದ್ಯಾ?" ಎಂದರು ಡಾಕ್ಟರು.

ಅಯ್ಯೋ, ಹದಿನಾರು ವರ್ಷ ಬೆಳಗಾದರೆ ಪರೀಕ್ಷೆಯೇ! ಒಂದೂ ಉಳಿದಿಲ್ಲ.

"ಯಾರನ್ನ ಬೈಯೋದು ಹೇಳಿ? ಹುಡುಗ್ರು ಮರೆತ್ರೆ, ಅಳಿಸ್ರಪ್ಪಾ ಅಂತ ನಾನೇ ಜ್ಞಾಪಿಸ್ತಿದ್ದೆ," ಎನ್ನುತ್ತಾರೆ ಅಕ್ಕ.

ಪರದೆ ಖಾಲಿಯಾಗುತ್ತದೆ. ಇಂದು ಐದರಲ್ಲೂ ಒಂದು ತಪ್ಪಿದೆ. ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿ ರೂಢಿಯಂತೆ ಅಳಿಸಲು ಬೆರಳು ಚಾಚುತ್ತಾಳೆ. ಅಕ್ಕ ಆ ಕೈಯನ್ನು ಮೆಲ್ಲಗೆ ಹಿಡಿದುಕೊಳ್ಳುತ್ತಾರೆ.

"ಇವತ್ತಿಂದು ಇರ್ಲಿ ಕಣಮ್ಮ, ತಪ್ಪಾಗಿದ್ರೂ ಇರ್ಲಿ. ಬೇರೆ ಎಲ್ಲಾದ್ರೂ ಎತ್ತಿಡು. ನಾಳೆ ನಾನೇ ಬಂದು ಅಳಿಸು ಅಂದ್ರೂ ಅಳಿಸ್ಬೇಡ."